ತಾಟು ಎತ್ತಿದವರು ಯಾರು?

ಕೊರಿಯನ್ ಧಾರಾವಾಹಿಗಳಲ್ಲಿ ಜನ ಸದಾ ಉಣ್ಣುತ್ತಿರುತ್ತಾರೆ. ಪ್ರೀತಿ ಮುರಿದರೆ ಒಂದು ಪಾತ್ರೆ ರಾಮ್ಯೊನ್, ಹೊಸ ಕೆಲಸ ಸಿಕ್ಕರೆ ಮೇಜಿನ ಮೇಲೆಯೇ ಸುಡುವ ಮಾಂಸ, ಮಳೆ ಬಂದರೆ ಈರುಳ್ಳಿ ಸೊಪ್ಪಿನ ದೋಸೆಯಂಥ ಪಜೊನ್, ಏನೂ ತೋಚದಿದ್ದರೆ ಸೋಜು. ಸಿಕ್ಕವರನ್ನು ‘ಊಟ ಆಯಿತಾ’ ಎಂದು ಕೇಳುವುದು ಕನ್ನಡದವರಲ್ಲಿ ಇರುವಂತೆ ಅಲ್ಲೂ ಕ್ಷೇಮ ವಿಚಾರಿಸುವ ಮಾತು. ಫೋನಿನಲ್ಲಿ ಮಗನ ಜೊತೆ ಜಗಳ ಆಡಿದ ತಾಯಿಯೂ ಕೊನೆಗೆ ಊಟ ಬಿಡಬೇಡ ಎಂದೇ ಫೋನ್ ಇಡುತ್ತಾಳೆ. ಎರಡು ಕಂತು ನೋಡುವಷ್ಟರಲ್ಲಿ ನೋಡುವವರಿಗೂ ಹಸಿವಾಗುತ್ತದೆ.

ಪುಣೆಯ ಕೋಥರೂಡಿನಲ್ಲಿರುವ 63 ವರ್ಷದ ಒಬ್ಬ ಕನ್ನಡತಿಗೆ ಹಸಿವಿನ ಜೊತೆಗೆ ಒಂದು ಪ್ರಶ್ನೆಯೂ ಏಳುತ್ತದೆ. ಇದನ್ನೆಲ್ಲ ಮಾಡಿದವರು ಯಾರು? ಉಂಡ ಮೇಲೆ ತಾಟು ಎತ್ತಿದವರು ಯಾರು? ಧಾರವಾಡದಲ್ಲಿ ಹುಟ್ಟಿ, ಮದುವೆಯಾಗಿ ಪುಣೆಗೆ ಬಂದು, ಬ್ಯಾಂಕಿನ ಕೌಂಟರಿನಲ್ಲಿ 31 ವರ್ಷ ಕೂತು ನಿವೃತ್ತರಾದವರು ಅವರು. 2020ರ ಲಾಕ್‌ಡೌನಿನಲ್ಲಿ ಮಗಳು ತನ್ನ ನೆಟ್‌ಫ್ಲಿಕ್ಸ್ ತೆರೆದುಕೊಟ್ಟಳು. ಅಂದಿನಿಂದ ನೋಡಿದ್ದನ್ನೆಲ್ಲ ಹಳೆಯ ಲೆಕ್ಕದ ವಹಿಯೊಂದರಲ್ಲಿ ಬರೆದಿಡುತ್ತಾರೆ. ಹೆಸರು, ಕಂತು ಎಷ್ಟು, ಹತ್ತಕ್ಕೆ ಎಷ್ಟು ಅಂಕ, ಕೊನೆಗೆ ಒಂದು ಸಾಲಿನ ಷರಾ. ನಾಯಕನ ರೂಪಕ್ಕೂ ಹಾಡಿಗೂ ಹಿಮ ಬೀಳುವ ದೃಶ್ಯಕ್ಕೂ ಆ ವಹಿಯಲ್ಲಿ ಅಂಕವಿಲ್ಲ.

“ಅವ್ವಾ, ನಿನಗ ಹೀರೋ ಕಾಣಸೋದ ಇಲ್ಲೇನು?” ಎಂದು ಮಗಳು ಒಮ್ಮೆ ಕೇಳಿದ್ದಳು.

“ಕಾಣಸ್ತಾನ. ಉಂಡ ತಾಟ ಎತ್ತಿದ್ದು ಕಾಣಸಲಿಲ್ಲ.”

ಈ ಅಳತೆಗೋಲು ಹಿಡಿದಾಗ ಜಗತ್ತು ಮೆಚ್ಚಿದ ಎಷ್ಟೋ ಧಾರಾವಾಹಿಗಳು ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತವೆ. 2002ರ ‘ವಿಂಟರ್ ಸೊನಾಟಾ’ ಜಪಾನಿನ ಮಧ್ಯವಯಸ್ಸಿನ ಹೆಂಗಸರನ್ನು ಹುಚ್ಚು ಹಿಡಿಸಿತು, ಚಿತ್ರೀಕರಣವಾದ ನಾಮಿ ದ್ವೀಪಕ್ಕೆ ಅವರು ಹಡಗು ಹತ್ತಿ ಬಂದರು ಎಂಬುದೆಲ್ಲ ಅವರಿಗೆ ಗೊತ್ತು. ಕೊಟ್ಟಿದ್ದು ಮೂರು ಅಂಕ. ಅಪಘಾತ, ನೆನಪು ಹೋಗುವುದು, ಮತ್ತೆ ಅಪಘಾತ, ನೆನಪು ಬರುವುದು. 20 ಕಂತುಗಳಲ್ಲಿ ಯಾರಿಗೂ ಒಂದು ದಿನದ ಮನೆಗೆಲಸದ ಚಿಂತೆ ಇಲ್ಲ. ‘ಕಣ್ಣೀರಿಗೆ ಪುರುಸೊತ್ತು ಬೇಕು’ ಎಂಬುದು ಷರಾ.

2009ರ ‘ಬಾಯ್ಸ್ ಓವರ್ ಫ್ಲವರ್ಸ್’ ಸಿಟ್ಟು ಬರಿಸಿತು. ಬಟ್ಟೆ ಒಗೆಯುವ ಅಂಗಡಿಯವರ ಮಗಳು ಜಾನ್‌-ದಿ ಆಗರ್ಭ ಶ್ರೀಮಂತರ ಶಾಲೆ ಸೇರುತ್ತಾಳೆ. ಶಾಲೆಯ ಒಡೆಯರ ಮಗ ಗು ಜುನ್‌-ಪ್ಯೊ ಇಡೀ ಶಾಲೆಯನ್ನು ಅವಳ ಮೇಲೆ ಛೂ ಬಿಡುತ್ತಾನೆ. ಅವನೇ ನಾಯಕ! ಇಂಥ ಶ್ರೀಮಂತರ ಮನೆಗಳಲ್ಲಿ ಅಡುಗೆಮನೆಯೇ ಇರುವುದಿಲ್ಲ. ಸಮವಸ್ತ್ರ ತೊಟ್ಟವರು ಸಾಲಾಗಿ ನಿಂತು ತಲೆ ಬಗ್ಗಿಸುತ್ತಾರೆ, ಅವರಿಗೆ ಹೆಸರೂ ಇಲ್ಲ. ಮಗಳನ್ನು ಪೀಡಿಸಿದ ಹುಡುಗ ಮನೆಗೆ ಬಂದರೆ ತಂದೆತಾಯಿಗೆ ಹಿಗ್ಗೋ ಹಿಗ್ಗು. ಬಡತನವನ್ನು ಹಾಸ್ಯ ಮಾಡಿ, ಪೀಡನೆಯನ್ನು ಪ್ರೀತಿಯ ಮೊದಲ ಮೆಟ್ಟಿಲು ಮಾಡಿದ ಕಥೆ ಇದು ಎಂಬುದು ಅವರ ಖಚಿತ ಅಭಿಪ್ರಾಯ. ಮೂಲ ಜಪಾನಿನ ಕಾಮಿಕ್ ಎಂದು ಮಗಳು ಸಮರ್ಥಿಸಿದ್ದಕ್ಕೆ ಅರ್ಧ ಅಂಕವೂ ಏರಲಿಲ್ಲ. 2022ರ ಕೊನೆಗೆ ಬಂದ ‘ದ ಗ್ಲೋರಿ’ಯಲ್ಲಿ, ಶಾಲೆಯಲ್ಲಿ ಸಹಪಾಠಿಗಳಿಂದ ಮೈ ಸುಡಿಸಿಕೊಂಡ ಹುಡುಗಿ ಬೆಳೆದು ಒಬ್ಬೊಬ್ಬರ ಲೆಕ್ಕ ಚುಕ್ತಾ ಮಾಡಿದಾಗ, ಹದಿಮೂರು ವರ್ಷ ತಡವಾಗಿ ಜಾನ್‌-ದಿಗೆ ನ್ಯಾಯ ಸಿಕ್ಕಿತು ಎಂದು ಬರೆದುಕೊಂಡರು. ಒಂದೇ ದೇಶದ ಟಿವಿ ಅಷ್ಟರಲ್ಲಿ ಇಷ್ಟು ಬದಲಾದದ್ದು ಅವರಿಗೆ ಸಣ್ಣ ಸಂಗತಿಯಾಗಿ ಕಾಣಲಿಲ್ಲ.

ಅಡುಗೆಯನ್ನೇ ಕಥೆಯಾಗಿಸಿದ ಧಾರಾವಾಹಿಯನ್ನು ಅವರು ಲಾಕ್‌ಡೌನಿಗಿಂತ ಬಹಳ ಮೊದಲೇ, ದೂರದರ್ಶನದಲ್ಲಿ, ಅಷ್ಟಿಷ್ಟು ನೋಡಿದ್ದರು. ‘ಘರ್ ಕಾ ಚಿರಾಗ್’ ಎಂಬ ಹೆಸರಿನಲ್ಲಿ ಹಿಂದಿ ಮಾತನಾಡುತ್ತಿದ್ದ ಅದು 2003ರ ‘ಜ್ಯುವೆಲ್ ಇನ್ ದ ಪ್ಯಾಲೆಸ್’ ಎಂಬುದು ಗೊತ್ತಾದದ್ದು ಆಮೇಲೆ. ಜೋಸನ್ ಕಾಲದ ಅರಮನೆಯ ಅಡುಗೆಮನೆಗೆ ಸೇರಿದ ಅನಾಥ ಹುಡುಗಿ ಜಾಂಗ್‌-ಗುಮ್ ಕೊನೆಗೆ ರಾಜವೈದ್ಯೆಯಾಗುವ 54 ಕಂತುಗಳ ಕಥೆ. ರಾಜ ಜುಂಗ್‌ಜೊಂಗನ ಕಾಲದ ದಾಖಲೆಗಳಲ್ಲಿ ಈ ವೈದ್ಯೆಯ ಹೆಸರು ಅಲ್ಲೊಂದು ಇಲ್ಲೊಂದು ಸಾಲಿನಲ್ಲಿ ಬರುತ್ತದೆ, ಉಳಿದದ್ದು ಕಲ್ಪನೆ. ನಾಲಗೆಯ ರುಚಿ ಕಳೆದುಕೊಂಡ ಜಾಂಗ್‌-ಗುಮ್ ನೆನಪಿನಿಂದಲೇ ಅಡುಗೆ ಮಾಡುವ ಭಾಗ ಅವರಿಗೆ ಅಚ್ಚುಮೆಚ್ಚು. ಹೆಂಗಸಿನ ಕೈಯ ಅಡುಗೆಯನ್ನು ವಿದ್ಯೆ ಎಂದು, ಅದಕ್ಕೆ ಗುರು-ಶಿಷ್ಯ ಪರಂಪರೆ ಇದೆ ಎಂದು, ಅದರಲ್ಲಿ ರಾಜಕೀಯವೂ ಇದೆ ಎಂದು ಒಪ್ಪಿಕೊಂಡ ಧಾರಾವಾಹಿ ಅದು. ಆದರೂ ಎಂಟೇ ಅಂಕ. ಒಂದು, ನಾಯಕಿ ತಪ್ಪೇ ಮಾಡುವುದಿಲ್ಲ. ಅವಳಿಗಿಂತ ಎದುರಾಳಿ ಗುಮ್‌-ಯಂಗ್‌ಳ ಮನಸ್ಸಿನ ಹೊಯ್ದಾಟವೇ ಹೆಚ್ಚು ನಿಜವಾಗಿದೆ. ಎರಡು, ಆ ವಿದ್ಯೆಗೆ ಬೆಲೆ ಬಂದದ್ದು ಉಣ್ಣುವವನು ರಾಜನಾದ್ದರಿಂದ. ಅದೇ ಕೈ ಹಳ್ಳಿಯ ಮನೆಯಲ್ಲಿ ಅದೇ ಸಾರು ಮಾಡಿದ್ದರೆ ಯಾರು 54 ಕಂತು ತೆಗೆಯುತ್ತಿದ್ದರು?

ಈಗಿನ ನಾಯಕರು ಅಡುಗೆ ಮಾಡುತ್ತಾರೆ, ನಿಜ. 2019ರ ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು’ನಲ್ಲಿ ದಕ್ಷಿಣ ಕೊರಿಯಾದ ಶ್ರೀಮಂತೆ ಪ್ಯಾರಾಗ್ಲೈಡಿಂಗ್ ಮಾಡುತ್ತ ಸುಂಟರಗಾಳಿಗೆ ಸಿಕ್ಕಿ ಉತ್ತರ ಕೊರಿಯಾದಲ್ಲಿ ಬೀಳುತ್ತಾಳೆ. ಅಲ್ಲಿಯ ಸೇನಾಧಿಕಾರಿ ಅವಳಿಗೆ ತನ್ನ ಕೈಯಾರೆ ನೂಡಲ್ಸ್ ಮಾಡಿಕೊಡುತ್ತಾನೆ, ಕಾಫಿ ಬೀಜ ಹುರಿಯುತ್ತಾನೆ. ಮಗಳು ಕರಗಿ ನೀರಾದಳು. ತಾಯಿಗೆ ಹಿಡಿಸಿದ್ದು ಆ ಹಳ್ಳಿಯ ಹೆಂಗಸರು. ಗಳಿಗೆಗೊಮ್ಮೆ ಕರೆಂಟು ಹೋಗುವ ಊರಿನಲ್ಲಿ ಒಟ್ಟಿಗೆ ಕೂತು ಕಿಮ್ಚಿ ಹಾಕುವವರು, ಒಬ್ಬರ ಮನೆಯ ಸುದ್ದಿಯನ್ನು ಇನ್ನೊಬ್ಬರು ಮೊದಲೇ ತಿಳಿದುಕೊಂಡಿರುವವರು, ಆಪತ್ತಿನಲ್ಲಿ ಸಾಲಾಗಿ ಬಂದು ನಿಲ್ಲುವವರು. ಕಥೆ ಸೋಲ್ ನಗರಕ್ಕೆ ಹೋದ ಮೇಲೆ ಆ ಹೆಂಗಸರು ಹಿಂದೆ ಸರಿದು, ಕರಿದ ಕೋಳಿಯ ಅಂಗಡಿಯ ಜಾಹೀರಾತು ಮುಂದೆ ಬಂತು. ಏಳು ಅಂಕ. ಷರಾ: ‘ಗಂಡಸು ಒಂದು ದಿನ ಅಡುಗೆ ಮಾಡಿದರೆ ಅದು ಪ್ರೇಮಕಥೆ. ಹೆಂಗಸು ದಿನಾ ಮಾಡಿದರೆ ಅದು ಕಥೆಯೇ ಅಲ್ಲ.’

ಲೆಕ್ಕವನ್ನು ನೇರವಾಗಿ ಮಾತಾಡಿದ ಧಾರಾವಾಹಿ ಎಂದು ಅವರು ಎಲ್ಲರಿಗೂ ಹೇಳುವುದು 2017ರ ‘ಬಿಕಾಸ್ ದಿಸ್ ಈಸ್ ಮೈ ಫಸ್ಟ್ ಲೈಫ್’. ಮನೆಯ ಸಾಲ ತೀರಿಸುತ್ತಿರುವ ಒಬ್ಬ ಗಂಡಸು, ಇರಲು ಮನೆಯಿಲ್ಲದ ಒಬ್ಬ ಬರಹಗಾರ್ತಿ. ಮಾಲೀಕ-ಬಾಡಿಗೆದಾರರಾಗಿದ್ದ ಇಬ್ಬರು ಅನುಕೂಲಕ್ಕಾಗಿ ಮದುವೆಯಾಗುತ್ತಾರೆ. ಗಂಡನ ಮನೆಯಲ್ಲಿ ಹಿರಿಯರ ಪೂಜೆ ಬಂದಾಗ ಸೊಸೆ ಹೋಗಿ ಇಡೀ ದಿನ ದುಡಿಯುತ್ತಾಳೆ. ಬೇಡವೆನ್ನಲು ಬಾಯಿ ಬರಲಿಲ್ಲ, ಮಾಡಿದ ಮೇಲೆ ಮನಸ್ಸು ಕಹಿಯಾಯಿತು. ಒಪ್ಪಂದದಲ್ಲಿ ಇಲ್ಲದ ಈ ದುಡಿಮೆಗೆ ಬದಲಾಗಿ ಗಂಡ ಅವಳ ತವರಿಗೆ ಹೋಗಿ ವರ್ಷದ ಕಿಮ್ಚಿ ಹಾಕುವ ಕೆಲಸಕ್ಕೆ ಕೂರುತ್ತಾನೆ. ರಾಶಿ ರಾಶಿ ಎಲೆಕೋಸು, ಸೊಂಟ ಹಿಡಿದುಹೋಗುವಷ್ಟು ಕೆಲಸ. ಮಾವನ ಶ್ರಾದ್ಧಕ್ಕೆ ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ, ಮಡಿಯಲ್ಲಿ ಅಡುಗೆ ಮುಗಿಸಿ, ಗಂಡಸರೆಲ್ಲ ಉಂಡೆದ್ದ ಮೇಲೆ ಮೂರು ಗಂಟೆಗೆ ಉಂಡ ವರ್ಷಗಳನ್ನು ಎಣಿಸಬಲ್ಲ ಹೆಂಗಸಿಗೆ ಆ ಎಲೆಕೋಸಿನ ರಾಶಿ ಎಂಥ ಸುಖ ಕೊಟ್ಟಿರಬೇಕು! ಒಂಬತ್ತು ಅಂಕ. ಒಂದನ್ನು ಕಳೆದದ್ದು ಕೊನೆಯ ಕಂತುಗಳಿಗೆ. ಇಷ್ಟು ಬಿಚ್ಚಿ ಮಾತಾಡಿದ ಇಬ್ಬರು ಕೊನೆಗೆ ಮಾತನ್ನು ಮುಚ್ಚಿಟ್ಟು ಕಥೆಯನ್ನು ಎಳೆದದ್ದಕ್ಕೆ.

‘ರಿಪ್ಲೈ 1988’ರ ಬಗ್ಗೆ ಅವರ ಅಭಿಪ್ರಾಯ ಕೇಳಿ ನೆಂಟರು ಮುನಿಸಿಕೊಂಡದ್ದುಂಟು. 2015ರಲ್ಲಿ ಬಂದ ಈ 20 ಕಂತುಗಳ ಕಥೆಯನ್ನು ಮೆಚ್ಚದವರಿಲ್ಲ. ಸೋಲ್‌ನ ಸಾಂಗ್‌ಮುನ್‌-ದೊಂಗ್ ಗಲ್ಲಿಯ ಐದು ಮನೆ, ಐದು ಮಕ್ಕಳು. ಒಂದು ಮನೆಯಲ್ಲಿ ಪಲ್ಯ ಮಾಡಿದರೆ ಬಟ್ಟಲು ಹಿಡಿದು ಮಕ್ಕಳು ಉಳಿದ ಮನೆಗಳಿಗೆ ಓಡುತ್ತಾರೆ, ಅಲ್ಲಿಂದ ಬೇರೆ ಬಟ್ಟಲು ಹಿಡಿದು ಹಿಂದಿರುಗುತ್ತಾರೆ. ಖಾಲಿ ಬಟ್ಟಲು ಹಿಂದಕ್ಕೆ ಕೊಡಬಾರದೆಂದು ಬೆಳೆದವರಿಗೆ ಅದು ಧಾರವಾಡದ ಯಾವುದೇ ಓಣಿ. ನಡುವಿನ ಮಗಳು ದೊಕ್‌-ಸುನ್‌ಗೆ ಯಾವಾಗಲೂ ಮೊಟ್ಟೆ ಸಿಗುವುದಿಲ್ಲ, ಅಕ್ಕನ ಹುಟ್ಟುಹಬ್ಬದ ಕೇಕಿನಲ್ಲೇ ಅವಳದೂ ಮುಗಿಯುತ್ತದೆ. ಅದೆಲ್ಲಕ್ಕೂ ಅವರು ಅತ್ತಿದ್ದಾರೆ. ನಾಯಕಿಯ ಗಂಡ ಯಾರು ಎಂಬ ಒಗಟಿಗಾಗಿ ಅರ್ಧ ಧಾರಾವಾಹಿ ಖರ್ಚು ಮಾಡಿದ್ದು ವ್ಯರ್ಥ ಎನ್ನುತ್ತಾರೆ, ಅದನ್ನು ಒಪ್ಪುವವರು ಬಹಳ ಜನ ಇದ್ದಾರೆ. ಜಗಳ ಬಂದದ್ದು ಬೇರೆ ದೃಶ್ಯಕ್ಕೆ.

ಜುಂಗ್‌-ಹ್ವಾನನ ತಾಯಿ ರಾ ಮಿ-ರನ್ ಕೆಲವು ದಿನ ಊರಿಗೆ ಹೋಗುತ್ತಾಳೆ. ಗಂಡ ಮಕ್ಕಳು ಮನೆಯನ್ನು ರಣರಂಗ ಮಾಡಿ, ಅವಳು ಬರುವ ಹೊತ್ತಿಗೆ ಗಡಿಬಿಡಿಯಲ್ಲಿ ಎಲ್ಲ ಓರಣ ಮಾಡುತ್ತಾರೆ. ಬಂದು ನೋಡಿದ ತಾಯಿಗೆ ಬೇಸರ. ತಾನಿಲ್ಲದೆಯೂ ಮನೆ ನಡೆಯಿತಲ್ಲ! ಅದನ್ನು ಅರ್ಥ ಮಾಡಿಕೊಂಡ ಮಗ, ಅಮ್ಮನಿಲ್ಲದೆ ಏನೂ ಆಗದು ಎಂದು ತೋರಿಸಲು ಬೇಕೆಂತಲೇ ಕೆಲಸ ಕೆಡಿಸುತ್ತಾನೆ. ಅಮ್ಮನ ಮುಖ ಅರಳುತ್ತದೆ. ಇಡೀ ಧಾರಾವಾಹಿಯ ಅತಿ ಸವಿಯಾದ ದೃಶ್ಯ ಇದು ಎಂದು ಎಲ್ಲರೂ ಹೇಳುವಾಗ ಅವರು ಹೇಳುವುದೇ ಬೇರೆ: ಅತಿ ಸವಿಯಾದದ್ದು ಹೌದು, ಅತಿ ಅಪಾಯದ್ದೂ ಹೌದು. ಮಗನಿಗೆ ಪ್ರೀತಿ ಇದೆ, ಬುದ್ಧಿಯೂ ಇದೆ. ಆದರೆ ಕೆಲಸ ಕಲಿಯುವುದಕ್ಕಿಂತ ಬಾರದವನಂತೆ ನಟಿಸುವುದು ಅಮ್ಮನಿಗೆ ಸಂತೋಷ ಎಂದು ಆ ಮನೆ ಅವನಿಗೆ ಕಲಿಸಿಬಿಟ್ಟಿದೆ. ಆ ಸಂತೋಷದ ಬಿಲ್ಲು ಮುಂದೆ ಅವನ ಹೆಂಡತಿಗೆ ಬರುತ್ತದೆ. ಎಂಟೂವರೆ.

‘ಮೈ ಮಿಸ್ಟರ್’ 2018ರದು. ಸಾಲಗಾರರ ಕಾಟದ ನಡುವೆ, ಕಿವಿ ಕೇಳದ ಅಜ್ಜಿಯನ್ನು ಸಾಕುತ್ತಿರುವ ಹುಡುಗಿ ಜಿ-ಆನ್ ಕಚೇರಿಯಿಂದ ಕದ್ದ ಕಾಫಿ ಪೊಟ್ಟಣಗಳನ್ನು ಬಿಸಿನೀರಿಗೆ ಸುರಿದು ಕುಡಿಯುತ್ತಾಳೆ, ಹೋಟೆಲಿನಲ್ಲಿ ಪಾತ್ರೆ ತೊಳೆದು ಉಳಿದದ್ದನ್ನು ಮನೆಗೆ ತರುತ್ತಾಳೆ. ಅದನ್ನು ಕ್ಯಾಮೆರಾ ಕನಿಕರ ಬೆರೆಸದೆ ತೋರಿಸುತ್ತದೆ. ಇಂಜಿನಿಯರ್ ದೊಂಗ್‌-ಹೂನ್ ಅವಳಿಗೆ ಊಟ ಕೊಡಿಸುವುದರಲ್ಲಿ ಪ್ರೇಮದ ಸೋಂಕಿಲ್ಲ, ಮನುಷ್ಯತ್ವ ಇದೆ. ಆದರೆ ಅವನ ಹೆಂಡತಿಗೆ ಕಥೆ ಅನ್ಯಾಯ ಮಾಡಿತು ಎಂಬ ಮಾತನ್ನು ಅವರು ಬಿಡುವುದಿಲ್ಲ. ದಿನಾ ರಾತ್ರಿ ಅಣ್ಣತಮ್ಮಂದಿರ ಜೊತೆ ಗಲ್ಲಿಯ ಬಾರಿನಲ್ಲಿ ಕೂರುವ ಗಂಡನಿಗೆ ಹಾಡು ಹಿನ್ನೆಲೆಯಲ್ಲಿ ಬರುತ್ತದೆ, ಖಾಲಿ ಮನೆಯಲ್ಲಿ ಕಾದವಳಿಗೆ ಬರಿ ತಪ್ಪಿತಸ್ಥೆಯ ಪಾತ್ರ. ಅದೇ ಧಾರಾವಾಹಿಯಲ್ಲಿ ಮುದಿ ತಾಯಿಯೊಬ್ಬಳಿದ್ದಾಳೆ. ಮೆಟ್ಟಿಲು ತೊಳೆಯುವ ಕೆಲಸಕ್ಕಿಳಿದ ಹಿರಿಮಗನಿಗೆ ಬುತ್ತಿ ತಂದವಳು, ಅವನು ಕಟ್ಟಡದ ಮಾಲೀಕನ ಮುಂದೆ ಮಂಡಿಯೂರಿದ್ದನ್ನು ಕಂಡು, ಕಾಣದವಳಂತೆ ಹಿಂದಿರುಗುತ್ತಾಳೆ. ಒಂಬತ್ತು ಅಂಕದಲ್ಲಿ ಐದು ಆ ತಾಯಿಗೆ.

‘ಮೈ ಮಿಸ್ಟರ್’ ಬರೆದ ಪಾರ್ಕ್ ಹೇ-ಯಂಗ್ ಅವರದೇ 2022ರ ‘ಮೈ ಲಿಬರೇಶನ್ ನೋಟ್ಸ್’. ವಹಿಯಲ್ಲಿ ಅದರ ಮುಂದೆ ಅಂಕವೇ ಇಲ್ಲ. ಸೋಲ್‌ನಿಂದ ದೂರದ ಹಳ್ಳಿಯಲ್ಲಿರುವ ಅಕ್ಕ, ಅಣ್ಣ, ತಂಗಿ ದಿನಾ ಗಂಟೆಗಟ್ಟಲೆ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುತ್ತಾರೆ. ಮೂವರಿಗೂ ಬದುಕು ಬೇಸರವಾಗಿದೆ, ಮೂವರಿಗೂ ಬಿಡುಗಡೆ ಬೇಕು. ತಂದೆ ಮಾತಿಲ್ಲದ ಮನುಷ್ಯ. ತಾಯಿ ಗಂಡನ ಕಾರ್ಖಾನೆಯಲ್ಲಿ ಕೈಜೋಡಿಸುತ್ತಾಳೆ, ಹೊಲಕ್ಕೆ ಹೋಗುತ್ತಾಳೆ, ಬಂದು ಅಡುಗೆ ಮಾಡುತ್ತಾಳೆ, ಮತ್ತೆ ಹೊಲಕ್ಕೆ ಹೋಗುತ್ತಾಳೆ. ಹನ್ನೆರಡು ಕಂತುಗಳವರೆಗೆ ಆ ಮನೆಯ ಊಟದ ಮೇಜು ಕಾಣಿಸುತ್ತದೆ. ಆಮೇಲೊಂದು ದಿನ ಒಲೆಯ ಮೇಲೆ ಅನ್ನಕ್ಕಿಟ್ಟು ಸ್ವಲ್ಪ ಅಡ್ಡಾದ ತಾಯಿ ಏಳುವುದಿಲ್ಲ. ಅನ್ನ ಸೀದುಹೋಗುತ್ತದೆ.

ಮಗಳು ಈ ಧಾರಾವಾಹಿಯನ್ನು ನೋಡಿದ್ದು ತಂಗಿ ಮಿ-ಜೊಂಗ್‌ಳಿಗಾಗಿ. ಕುಡುಕ ಗು ಎಂಬವನ ಬಳಿ ಹೋಗಿ ‘ನನ್ನನ್ನು ಆರಾಧಿಸು’ ಎಂದು ಕೇಳುವ ಆ ಮಿತಭಾಷಿ ಹುಡುಗಿಯಲ್ಲಿ ಐಟಿ ಕಚೇರಿಯ ತನ್ನ ಒಂಟಿತನವನ್ನು ಕಂಡಳು. ತಾಯಿ ನೋಡಿದ್ದು ಆ ಸೀದ ಅನ್ನವನ್ನು.

ಅವರ ತಾಯಿ ಧಾರವಾಡದಲ್ಲಿ ತೀರಿಕೊಂಡದ್ದು 1998ರಲ್ಲಿ, ಹೀಗೆಯೇ ಏನೂ ಹೇಳದೆ, ಒಂದು ಮಧ್ಯಾಹ್ನ. ರಾತ್ರಿ ಬಸ್ಸಿನಲ್ಲಿ ಪುಣೆಯಿಂದ ಹೋಗಿ ತಲುಪಿದಾಗ ಅಳುವವರು ಅಳುತ್ತಿದ್ದರು. ಮರುದಿನ ಹಾಲಿನವನು ಬಂದು ತಿಂಗಳ ಬಾಕಿ ಕೇಳಿದ. ಎಷ್ಟೆಂದು ಯಾರಿಗೂ ಗೊತ್ತಿರಲಿಲ್ಲ. ಅಪ್ಪನ ಬಿಪಿ ಗುಳಿಗೆ ಎಲ್ಲಿದೆ, ಜೋಳ ಬೀಸಲು ಯಾವ ಗಿರಣಿಗೆ ಕೊಟ್ಟಿದೆ, ಯಾರ ಮನೆಯ ಡಬ್ಬಿ ಹಿಂದಿರುಗಿಸಬೇಕು, ಯಾವುದೂ ಯಾರಿಗೂ ತಿಳಿಯದು. ನಲವತ್ತು ವರ್ಷ ಒಬ್ಬ ಹೆಂಗಸು ನಡೆಸಿದ ಕಚೇರಿ ಒಂದು ಮಧ್ಯಾಹ್ನ ಬೀಗ ಹಾಕಿತ್ತು. ಅಲ್ಲಿಯವರೆಗೆ ಅದು ಕಚೇರಿ ಎಂದು ಯಾರೂ ತಿಳಿದಿರಲಿಲ್ಲ. ‘ಮೈ ಲಿಬರೇಶನ್ ನೋಟ್ಸ್’ನ ಮನೆಯಲ್ಲೂ ಹಾಗೆಯೇ ಆಗುತ್ತದೆ. ಅಮ್ಮ ಹೋದ ಮೇಲೆ ಆ ಮನೆಯನ್ನು ಎತ್ತಿ ನಿಲ್ಲಿಸಿದ್ದ ಕಂಬ ಯಾವುದೆಂದು ಉಳಿದವರಿಗೆ ತಿಳಿಯುತ್ತದೆ.

ಬರೆದವರಿಗೆ ಇದು ಗೊತ್ತಿತ್ತು, ಗೊತ್ತಿದ್ದೇ ಬರೆದಿದ್ದಾರೆ, ಅದರಲ್ಲಿ ಅವರಿಗೆ ಸಂಶಯವಿಲ್ಲ. ಅವರ ತಕರಾರು ಇನ್ನೂ ಆಳದ್ದು. ಬಿಡುಗಡೆಯ ಬಗ್ಗೆ 16 ಕಂತು ಮಾಡಿದ ಧಾರಾವಾಹಿ ಮೂವರು ಮಕ್ಕಳಿಗೆ ತಮ್ಮ ತಮ್ಮ ಬಿಡುಗಡೆ ಹುಡುಕಿಕೊಟ್ಟಿತು. ತಾಯಿಗೆ ಸಾವಿನ ಹೊರತು ಬೇರೆ ಬಿಡುಗಡೆಯನ್ನು ಅದು ಯೋಚಿಸಲಿಲ್ಲ. “ಆಕೀನ ಯಾರೂ ಕೇಳಲಿಲ್ಲ ನೋಡು, ನಿನಗೇನ ಬೇಕಂತ,” ಎಂದರು ಮಗಳಿಗೆ. ಮಗಳು ಏನೂ ಹೇಳಲಿಲ್ಲ.

ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಇದು ಎಲ್ಲ ಕಡೆಯೂ ಕಾಣತೊಡಗಿತು. ಕೊರಿಯನ್ ಧಾರಾವಾಹಿಗಳ ತಾಯಂದಿರು ಎಷ್ಟೋ ಸಲ ಸಾವು ಹತ್ತಿರ ಬಂದಾಗ ಮಾತ್ರ ಪೂರ್ತಿಯಾಗಿ ಕಾಣಿಸುತ್ತಾರೆ. ಜೇಜು ದ್ವೀಪದ ಕಥೆಗಳ ಮಾಲೆಯಾದ 2022ರ ‘ಅವರ್ ಬ್ಲೂಸ್’ನಲ್ಲಿ ತಾಯಿ ಓಕ್‌-ದೊಂಗ್ (ನಟಿಸಿದವರು ಹಿರಿಯ ನಟಿ ಕಿಮ್ ಹೇ-ಜಾ) ಮತ್ತು ಮಗ ದೊಂಗ್‌-ಸೊಕ್ ವರ್ಷಗಟ್ಟಲೆ ಮಾತು ಬಿಟ್ಟವರು. ಕ್ಯಾನ್ಸರ್ ಬಂದ ಮೇಲೆ ಇಬ್ಬರೂ ಒಟ್ಟಿಗೆ ಪ್ರಯಾಣ ಮಾಡುತ್ತಾರೆ. ಕೊನೆಯ ಬೆಳಿಗ್ಗೆ ಅವಳು ಮಗನಿಗೆ ಇಷ್ಟವಾದ ಸಾರು ಮಾಡಿಟ್ಟು ಕಣ್ಣು ಮುಚ್ಚುತ್ತಾಳೆ. ಎಷ್ಟು ಚೆನ್ನಾಗಿ ನಟಿಸಿದ್ದಾರೆಂದರೆ ಟೀಕಿಸಲು ಬಾಯಿ ಬರುವುದಿಲ್ಲ. ಆದರೂ ಕ್ಷಮೆಯ ಕೊನೆಯ ಸಹಿ ಅಡುಗೆಯ ರೂಪದಲ್ಲೇ ಬರಬೇಕೇ ಎಂದು ವಹಿಯಲ್ಲಿ ಕೇಳಿಕೊಂಡಿದ್ದಾರೆ.

2025ರ ‘ವೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್’ ಕೂಡ ಜೇಜುವಿನದೇ. ಉಸಿರು ಬಿಗಿಹಿಡಿದು ಸಮುದ್ರಕ್ಕಿಳಿಯುವ ಹೇನ್ಯೊ ಹೆಂಗಸು ಗ್ವಾಂಗ್‌-ರ್ಯೆ, ಕವಿಯಾಗಬೇಕೆಂದಿದ್ದ ಅವಳ ಮಗಳು ಏ-ಸುನ್, ಸೋಲ್‌ಗೆ ಓದಲು ಹೋದ ಅವಳ ಮಗಳು ಗುಮ್‌-ಮ್ಯೊಂಗ್. ಮೂರು ತಲೆಮಾರು. ಗಂಡಸರಿಗೆ ಒಂದು ಮೇಜು, ಹೆಂಗಸರಿಗೆ ಕೆಳಗೆ ಇನ್ನೊಂದು. ಮದುವೆಯಾದ ಗ್ವಾನ್‌-ಶಿಕ್ ಗಂಡಸರ ಮೇಜಿಗೆ ಬೆನ್ನು ಮಾಡಿ ಹೆಂಡತಿಯ ಕಡೆ ತಿರುಗಿ ಕೂರುತ್ತಾನೆ. ಭಾಷಣವಿಲ್ಲ, ಕ್ರಾಂತಿಯಿಲ್ಲ, ಕೂತಲ್ಲೇ ಅರ್ಧ ಸುತ್ತು. ವಹಿಯಲ್ಲಿ ಅಡಿಗೆರೆ ಎಳೆದ ದೃಶ್ಯ ಅದೊಂದೇ. ಆದರೂ ಪೂರ್ತಿ ಅಂಕ ಸಿಗಲಿಲ್ಲ. ಗ್ವಾನ್‌-ಶಿಕ್‌ನಂಥ ಗಂಡ ಸಿಕ್ಕಿದ್ದಕ್ಕೆ ಏ-ಸುನ್ ಬದುಕು ಹಸನಾಯಿತು, ಸಿಗದವರು ಏನು ಮಾಡಬೇಕು? ಮಗಳ ಓದಿಗೆ ಮನೆ ಮಾರಿದ ತಂದೆತಾಯಿಯನ್ನು ದೇವರಂತೆ ತೋರಿಸಿ, ಮಗಳಿಗೆ ತೀರದ ಋಣ ಹೊರಿಸಿದ್ದೂ ಅವರಿಗೆ ಸರಿ ಬರಲಿಲ್ಲ. ಬ್ಯಾಂಕಿನಲ್ಲಿದ್ದವರು ಅವರು. ತೀರಿಸಲಾಗದ ಸಾಲ ಕೊಡುವುದು ಕೊಟ್ಟವರಿಗೂ ತೆಗೆದುಕೊಂಡವರಿಗೂ ಒಳ್ಳೆಯದಲ್ಲ ಎನ್ನುತ್ತಾರೆ. ಒಂಬತ್ತು.

ವಹಿಯಲ್ಲಿ ಒಂಬತ್ತನ್ನು ದಾಟಿದ್ದು ಒಂದೇ. 2016ರ ‘ಡಿಯರ್ ಮೈ ಫ್ರೆಂಡ್ಸ್’. ‘ಅವರ್ ಬ್ಲೂಸ್’ ಬರೆದ ನೋ ಹಿ-ಕ್ಯುಂಗ್ ಅವರದೇ ಇದು. ಇಲ್ಲಿ ನಾಯಕಿಯರೆಲ್ಲ ಅರವತ್ತು ಎಪ್ಪತ್ತು ದಾಟಿದವರು, ಶಾಲೆಯ ಕಾಲದಿಂದ ಗೆಳತಿಯರು. ಅವರಲ್ಲೊಬ್ಬಳು ಜುಂಗ್‌-ಆ. ಜಿಪುಣ, ಸಿಡುಕ ಗಂಡ ಸೊಕ್‌-ಗ್ಯುನ್ ಮುಂದೊಂದು ದಿನ ಪ್ರಪಂಚ ಸುತ್ತಿಸುತ್ತೇನೆ ಎಂದು ಕೊಟ್ಟ ಮಾತನ್ನು ನಂಬಿಕೊಂಡು ಅವನ ಮನೆಯವರ ಚಾಕರಿ ಮಾಡಿದವಳು. ಮಾತು ಸುಳ್ಳೆಂದು ಖಚಿತವಾದಾಗ ಅವಳು ಕಿರುಚುವುದಿಲ್ಲ, ಕಾಯಿಲೆ ಬೀಳುವುದಿಲ್ಲ, ಸಾಯುವುದಿಲ್ಲ. ಸಣ್ಣದೊಂದು ಮನೆ ಹಿಡಿದು, ತನ್ನ ಸಾಮಾನು ಕಟ್ಟಿಕೊಂಡು ಹೊರಡುತ್ತಾಳೆ. ಒಬ್ಬಳೇ ಕೂತು ತನಗೆ ಬೇಕಾದಾಗ ಬೇಕಾದಷ್ಟು ಉಣ್ಣುತ್ತಾಳೆ.

ಗಂಡನನ್ನೂ ಕಥೆ ರಾಕ್ಷಸನನ್ನಾಗಿ ಮಾಡುವುದಿಲ್ಲ ಎಂಬುದಕ್ಕೆ ಅವರು ಬೇರೆಯೇ ಅಂಕ ಕೊಟ್ಟಿದ್ದಾರೆ. ಮಗಳನ್ನು ಹೊಡೆಯುತ್ತಿದ್ದ ಅಳಿಯನನ್ನು ಎದುರಿಸಲು ಮನೆಯಲ್ಲಿ ಯಾರಿಗೂ ಹೇಳದೆ ಹೋಗಿದ್ದ ಮುದುಕನೂ ಇವನೇ. ಪ್ರೀತಿ ಇತ್ತು, ಹೆಂಡತಿಯ ದಿನ ಹೇಗೆ ಕಳೆಯುತ್ತದೆ ಎಂಬುದರ ಕಡೆ ಕಣ್ಣು ಹೋಗಿರಲಿಲ್ಲ. ಎಪ್ಪತ್ತು ದಾಟಿದ ಮೇಲೆ ಅವನು ಮನೆಗೆಲಸಕ್ಕೆ ಕೈಹಾಕುತ್ತಾನೆ, ಗೊಣಗುತ್ತಾನೆ, ಮತ್ತೆ ಮಾಡುತ್ತಾನೆ. ಬದಲಾಗಲು ವಯಸ್ಸಾಯಿತು ಎಂಬ ನೆಪ ಆ ಧಾರಾವಾಹಿಯಲ್ಲಿ ನಡೆಯುವುದಿಲ್ಲ.

ಒಂಬತ್ತೂ ಮುಕ್ಕಾಲು ಅಂಕ. ಕಾಲು ಅಂಕ ಹೋದದ್ದು ಸ್ಲೊವೇನಿಯಾಕ್ಕೆ. ಕಿರಿಯ ನಾಯಕಿಯ ಪ್ರೇಮಿಯನ್ನು ಅಷ್ಟು ದೂರ ಕೂರಿಸಿ, ಆಗಾಗ ಆ ಊರಿನ ಚಂದದ ಬೀದಿಗಳನ್ನು ತೋರಿಸಿದ್ದು ಮುದುಕಿಯರ ಕಥೆಯಿಂದ ಕದ್ದ ಸಮಯ ಎಂದು ಅವರ ದೂರು. ಅದರ ಕೆಳಗಿನ ಷರಾ ಮಾತ್ರ ಉಳಿದವುಗಳಿಗಿಂತ ಉದ್ದವಾಗಿದೆ: ‘ಈಕೆ ಸಾಯಲಿಲ್ಲ. ಬದುಕಿದ್ದಾಗಲೇ ಎಲ್ಲರಿಗೂ ಕಾಣಿಸಿದಳು. ಇಂಥದ್ದು ಇನ್ನೂ ಬರಲಿ.’